ಉಡುಗೊರೆ ಬಟ್ಟೆಯ ಮೇಲೆ ದೇವರ ನಾಮ, ಮಂತ್ರಗಳ ಮಷಿನ್ ಎಂಬ್ರಾಯಿಡರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಜಿಯ ಶಲ್ಯ, ಮದುವೆಯ ಅಂತಃಪಟ, ಜಪಮಣಿ ಹಿಡಿಯುವ ಗೋಮುಖಿ ಚೀಲ, ಆರತಿ ತಟ್ಟೆಯ ಮುಚ್ಚುಬಟ್ಟೆ, ಬೈಬಲ್ ಕವರ್, ಕುರಾನ್ ಇಡುವ ಚೀಲ... ಶಿರಸಿಯಿಂದ ಕಾರವಾರ, ಭಟ್ಕಳದವರೆಗೆ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಇಂಥ ಕೆಲಸ ಹಿಡಿದವರು ಕೇಳುವ ಪ್ರಶ್ನೆಗಳಿವು. ಹೂಬಳ್ಳಿಯಲ್ಲಿ ಒಂದು ಎಲೆ ಸೊಟ್ಟಗಾದರೆ ಯಾರೂ ಕೇಳುವುದಿಲ್ಲ. ದೇವರ ಹೆಸರಿನಲ್ಲಿ ಒಂದು ಒತ್ತು ಮುಚ್ಚಿಹೋದರೆ ಗೃಹಪ್ರವೇಶದ ಊಟ ಮುಗಿಯುವುದರೊಳಗೆ ಹತ್ತು ಜನ ಓದಿ ಹೇಳುತ್ತಾರೆ. ಹಾಗಾಗಿ ಕೆಳಗಿನ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಹೇಳುವುದು ಇಷ್ಟೇ: ಅಕ್ಷರ ದೊಡ್ಡದಿರಲಿ, ಮಾತು ಕಡಿಮೆಯಿರಲಿ, ಹೊಲಿಯುವ ಮೊದಲು ಬಲ್ಲವರಿಂದ ಓದಿಸಿ.

ನನ್ನ ಹತ್ತಿರ 4 ಇಂಚಿನ ಹೂಪ್ ಮಾತ್ರ ಇದೆ. "ಓಂ ನಮಃ ಶಿವಾಯ" ಕೂರ್ತದಾ?

ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಈ ಹೂಪ್‌ನಲ್ಲಿ, ಅಂದರೆ ಬಟ್ಟೆ ಬಿಗಿದು ಹಿಡಿಯುವ ಚೌಕಟ್ಟಿನಲ್ಲಿ, ಸೂಜಿ ಓಡಾಡುವ ಜಾಗ 100 ಮಿ.ಮೀ. ಉದ್ದ, 100 ಮಿ.ಮೀ. ಅಗಲ. ಅಕ್ಷರದ ಎತ್ತರ 20 ಮಿ.ಮೀ. ಇಟ್ಟರೆ ಪೂರ್ತಿ ಮಂತ್ರಕ್ಕೆ ಸುಮಾರು 150 ಮಿ.ಮೀ. ಉದ್ದ ಬೇಕು. ಕುಗ್ಗಿಸಿ ತುರುಕಬೇಡಿ. ಮೇಲೆ "ಓಂ ನಮಃ", ಕೆಳಗೆ "ಶಿವಾಯ" ಎಂದು ಎರಡು ಸಾಲು ಮಾಡಿ. ಒಂದೇ ಸಾಲು ಬೇಕೇಬೇಕು ಎನ್ನುವವರಿಗೆ 130 × 180 ಮಿ.ಮೀ. ಹೂಪ್ ಬೇಕು. ಎರಡು ಸಲ ಹೂಪ್ ಹಾಕಿ ಜೋಡಿಸುವ ದಾರಿಯೂ ಇದೆ, ಆದರೆ ಅರ್ಧ ಮಿ.ಮೀ. ತಪ್ಪಿದರೂ ಸಾಲು ಮುರಿದಂತೆ ಕಾಣುತ್ತದೆ. ಹೊಸಬರು ಅದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಕನ್ನಡ ಅಕ್ಷರ ಎಷ್ಟು ಚಿಕ್ಕದು ಮಾಡಬಹುದು?

ಇಂಗ್ಲಿಷ್ ಅಕ್ಷರ 6 ಮಿ.ಮೀ.ನಲ್ಲೂ ಓದಲು ಬರುತ್ತದೆ. ಆ ಲೆಕ್ಕ ಕನ್ನಡಕ್ಕೆ ನಡೆಯುವುದಿಲ್ಲ. ನಾವೆಲ್ಲ ಬಳಸುವ 40 ನಂಬರ್ ದಾರ ಬಟ್ಟೆಯ ಮೇಲೆ ಹೆಚ್ಚುಕಡಿಮೆ 0.4 ಮಿ.ಮೀ. ದಪ್ಪ ಕೂರುತ್ತದೆ. ಗೆರೆಯನ್ನು ಅಡ್ಡಡ್ಡಕ್ಕೆ ದಟ್ಟವಾಗಿ ತುಂಬುವ ಸ್ಯಾಟಿನ್ ಹೊಲಿಗೆ 1 ಮಿ.ಮೀ.ಗಿಂತ ಸಪೂರವಾದರೆ ಗಂಟುಗಂಟಾಗುತ್ತದೆ, ಎರಡು ಗೆರೆಗಳ ನಡುವಿನ ಖಾಲಿ ಜಾಗ 1 ಮಿ.ಮೀ.ಗಿಂತ ಕಡಿಮೆಯಾದರೆ ಮುಚ್ಚಿಹೋಗುತ್ತದೆ. ಇದನ್ನಿಟ್ಟು ಲೆಕ್ಕ ಹಾಕಿದರೆ ಒತ್ತಿಲ್ಲದ ಪದಕ್ಕೆ, ಅಂದರೆ "ರಾಮ", "ಶಿವ"ದಂಥವಕ್ಕೆ, 12 ಮಿ.ಮೀ. ಸಾಕು. ಒಂದು ಒತ್ತು ಇದ್ದರೆ 18ರಿಂದ 20. "ರಾಷ್ಟ್ರ", "ಶಾಸ್ತ್ರ"ದ ಹಾಗೆ ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದರೆ 25.

10 ಮಿ.ಮೀ.ನಲ್ಲೇ ಬೇಕು ಎಂದು ಗಿರಾಕಿ ಹಟ ಹಿಡಿದರೆ ಸ್ಯಾಟಿನ್ ಬಿಟ್ಟು, ಅಕ್ಷರದ ನಡುಗೆರೆಯ ಮೇಲೆ ಮೂರೆಳೆ ರನ್ನಿಂಗ್ ಹೊಲಿಗೆ (ಒಂದೇ ಗೆರೆಯ ಮೇಲೆ ಮೂರು ಸಲ ಹೋಗುವ ಹೊಲಿಗೆ) ಹಾಕಿ. ಕೈಬರಹದಂತೆ ತೆಳ್ಳಗೆ ಕಾಣುತ್ತದೆ, ಓದಲಿಕ್ಕೂ ಬರುತ್ತದೆ.

ಒತ್ತಕ್ಷರ ಪೂರ್ತಿ ಉಂಡೆಯಾಗಿ ಹೋಗ್ತದೆ. ಎಂತ ಮಾಡಬೇಕು?

ಎಲ್ಲರಿಗೂ ಕಾಡುವ ತೊಂದರೆ ಇದು. ಇದಕ್ಕೆ ಒಂದೇ ಕಾರಣ ಇರುವುದಿಲ್ಲ.

"ಸಿದ್ಧಿವಿನಾಯಕ"ವನ್ನೇ ತೆಗೆದುಕೊಳ್ಳಿ. ಮೇಲಿನ ದಿ 20 ಮಿ.ಮೀ. ಇದ್ದರೆ ಕೆಳಗಿನ ಧ ಒತ್ತು 9-10 ಮಿ.ಮೀ. ಅಷ್ಟರಲ್ಲೇ ಅದರ ಸುರುಳಿ, ಸುರುಳಿಯೊಳಗಿನ ತೂತು, ಅಡಿಯ ಹೊಟ್ಟೆಸೀಳು ಮೂರೂ ಕಾಣಬೇಕು. ಸೀಳಿನ ಗೆರೆ 1 ಮಿ.ಮೀ. ಕೂಡ ಇರುವುದಿಲ್ಲ. ಪಕ್ಕದ ಸ್ಯಾಟಿನ್ ಅದನ್ನು ನುಂಗಿದರೆ ಓದುವವರಿಗೆ ಸಿಗುವುದು "ಸಿದ್ದಿ".

ಮೊದಲು ಒತ್ತನ್ನು ಮಾತ್ರ ಶೇಕಡಾ 15-20 ಹಿಗ್ಗಿಸಿ, ಮುಖ್ಯ ಅಕ್ಷರದಿಂದ 1.5 ಮಿ.ಮೀ. ಕೆಳಗೆ ಇಳಿಸಿ. ಅಚ್ಚಿನ ಫಾಂಟ್‌ನ ಅಳತೆಗೆ ಕಟ್ಟುಬೀಳಬೇಕಾಗಿಲ್ಲ, ದಾರಕ್ಕೆ ಬೇರೆ ಅಳತೆ. ಹೊಟ್ಟೆಸೀಳನ್ನು ಸ್ಯಾಟಿನ್‌ನಲ್ಲಿ ಹಾಕದೆ ಕೊನೆಯಲ್ಲಿ ಪ್ರತ್ಯೇಕ ಮೂರೆಳೆ ರನ್ನಿಂಗ್ ಆಗಿ ಹೊಲಿದು, ಅಕ್ಷರದ ಅಂಚಿನಿಂದ 1.5 ಮಿ.ಮೀ.ನಷ್ಟು ಹೊರಗೆ ಚಾಚುವಂತೆ ಬಿಡಿ.

ಆಮೇಲೆ ಪುಲ್ ಕಾಂಪನ್ಸೇಶನ್ ನೋಡಿ. ಸ್ಯಾಟಿನ್ ಹೊಲಿಗೆ ಬಟ್ಟೆಯನ್ನು ಒಳಗೆ ಎಳೆಯುವುದರಿಂದ ಗೆರೆ ಬರೆದದ್ದಕ್ಕಿಂತ ಸಪೂರ ಬರುತ್ತದೆ. ಅದಕ್ಕಾಗಿ ಸಾಫ್ಟ್‌ವೇರ್ ಎರಡೂ ಕಡೆ ಸ್ವಲ್ಪ ಅಗಲ ಕೂಡಿಸುತ್ತದೆ. ದೊಡ್ಡ ಗೆರೆಗೆ 0.2 ಮಿ.ಮೀ. ಸರಿ. ಅದೇ ಸಂಖ್ಯೆ ಒತ್ತಿಗೂ ಹೋದರೆ ತೂತು ಎರಡೂ ಬದಿಯಿಂದ ಕಿರಿದಾಗಿ ಮುಚ್ಚುತ್ತದೆ. ಒತ್ತಿಗೆ ಸೊನ್ನೆ, ಅಥವಾ ಹೆಚ್ಚೆಂದರೆ 0.1 ಕೊಡಿ.

ಅಂಡರ್‌ಲೇ, ಅಂದರೆ ಸ್ಯಾಟಿನ್‌ನ ಅಡಿಗೆ ಮೊದಲು ಹಾಕುವ ಹೊಲಿಗೆ, ಕೂಡ ಕಳ್ಳನೇ. 2 ಮಿ.ಮೀ.ಗಿಂತ ಅಗಲದ ಗೆರೆಗೆ ನಡುಗೆರೆ ಮತ್ತು ಝಿಗ್‌ಝ್ಯಾಗ್ ಎರಡೂ ಇರಲಿ. 1.5 ಮಿ.ಮೀ.ಗಿಂತ ಸಪೂರ ಗೆರೆಗೆ ನಡುಗೆರೆ ಮಾತ್ರ. ಅಲ್ಲೂ ಝಿಗ್‌ಝ್ಯಾಗ್ ಹಾಕಿದರೆ ಅಡಿಯ ದಾರ ಅಂಚಿನಿಂದ ಹೊರಗೆ ಇಣುಕುತ್ತದೆ.

ಇನ್ನು ತಿರುವುಗಳು. ನಮ್ಮ ಅಕ್ಷರಗಳೆಲ್ಲ ಸುರುಳಿ. ಸಣ್ಣ ಸುರುಳಿಯ ಒಳ ಅಂಚಿನಲ್ಲಿ ಸೂಜಿ ಮತ್ತೆಮತ್ತೆ ಒಂದೇ ತೂತಿಗೆ ಬೀಳುತ್ತದೆ, ಅಲ್ಲಿ ಗಟ್ಟಿಯಾಗಿ ದಾರ ತುಂಡಾಗುತ್ತದೆ. ಒಳ ಅಂಚಿನಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಗಿಡ್ಡವಾಗುವ ಶಾರ್ಟ್ ಸ್ಟಿಚ್ ಆಯ್ಕೆ ಹಾಕಿ. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಒತ್ತುಗಳಿಗೆ ಮಾತ್ರ 60 ನಂಬರ್ ತೆಳು ದಾರ ಮತ್ತು 65/9 ಸೂಜಿ ಬಳಸಿ. ಫೈಲ್‌ನಲ್ಲಿ ಒತ್ತುಗಳನ್ನು ಬೇರೆ ಬಣ್ಣ ಎಂದು ಗುರುತಿಸಿದರೆ ಮಷಿನ್ ತಾನೇ ನಿಲ್ಲುತ್ತದೆ, ದಾರ ಬದಲಿಸಬಹುದು. ತೆಳು ದಾರಕ್ಕೆ ಹೊಲಿಗೆಗಳ ಅಂತರ 0.4ರ ಬದಲು 0.35 ಮಿ.ಮೀ. ಇರಲಿ.

ಎಂಬ್ರಾಯಿಡರಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಅಕ್ಷರ ಬಿಡಿಬಿಡಿಯಾಗಿ ಬರ್ತದೆ.

ಹಲವು ಸಾಫ್ಟ್‌ವೇರ್‌ಗಳಿಗೆ ಒತ್ತು, ಗುಣಿತಗಳನ್ನು ಜೋಡಿಸಲು ಬರುವುದಿಲ್ಲ. "ಶ್ರೀ" ಎಂದು ಹೊಡೆದರೆ ಶ್ ಒಂದು ಕಡೆ, ರೀ ಒಂದು ಕಡೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟ್ ಹಾಕಿ ಟೈಪ್ ಮಾಡಿ, ಕಂಟ್ರೋಲ್, ಶಿಫ್ಟ್, ಸಿ ಮೂರೂ ಒಟ್ಟಿಗೆ ಒತ್ತಿ ಪಾತ್ ಆಗಿಸಿ. ಆಮೇಲೆ ಅದು ಅಕ್ಷರವಲ್ಲ, ಚಿತ್ರ, ಒಡೆಯುವುದಿಲ್ಲ. ಅದರೊಳಗೇ ಕೂರುವ ಇಂಕ್‌ಸ್ಟಿಚ್ ಎಂಬ ಉಚಿತ ಎಕ್ಸ್‌ಟೆನ್ಶನ್‌ನಿಂದ ಹೊಲಿಗೆ ಫೈಲ್ ಮಾಡಬಹುದು. ಅಕ್ಷರದ ನಡುಗೆರೆಯನ್ನು ಕೈಯಲ್ಲಿ ಎಳೆದು, ಗೆರೆಗೆ 2 ಮಿ.ಮೀ. ದಪ್ಪ ಕೊಟ್ಟು, ಅದನ್ನು ಸ್ಯಾಟಿನ್ ಆಗಿ ಬದಲಿಸುವುದು ಕನ್ನಡದ ದುಂಡಗಿನ ಅಕ್ಷರಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ಪುರೋಹಿತರೋ ಪ್ರೆಸ್ಸಿನವರೋ ಕಳಿಸಿದ ಹಳೆಯ ನುಡಿ, ಬರಹ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದು ಯೂನಿಕೋಡ್ ಅಲ್ಲ ಎಂದರ್ಥ. ಕನ್ವರ್ಟರ್‌ಗೆ ಹಾಕಿ ಬದಲಿಸಬಹುದು, ಆದರೆ ಅರ್ಕಾವೊತ್ತು, ವಟ್ರಸುಳಿ ಅಲ್ಲಿ ಕೆಲವೊಮ್ಮೆ ಜಾಗ ತಪ್ಪುತ್ತವೆ. ನಾಲ್ಕು ಪದಕ್ಕೆ ಅಷ್ಟು ಕಷ್ಟವೇಕೆ, ಹೊಸದಾಗಿ ಟೈಪ್ ಮಾಡಿಬಿಡಿ.

ಯಾವ ಫಾಂಟ್ ಒಳ್ಳೆಯದು?

ಗೆರೆಯ ದಪ್ಪ ಎಲ್ಲ ಕಡೆ ಒಂದೇ ಇರುವಂಥದು. ನೋಟೋ ಸಾನ್ಸ್ ಕನ್ನಡದ ಮೀಡಿಯಂ ದಪ್ಪ ಹೆಚ್ಚಿನ ಕೆಲಸಕ್ಕೆ ಸಾಕು. ಬಾಲೂ ತಮ್ಮ ನೋಡಲು ಚೆಂದ, ಆದರೆ ಒಳಗಿನ ತೂತುಗಳು ಕಿರಿದು; 30 ಮಿ.ಮೀ.ಗಿಂತ ಕೆಳಗೆ ಬೇಡ. ತುಂಗಾ ತೀರ ಸಪೂರ.

ಗಿರಾಕಿ ವಾಟ್ಸಾಪ್‌ನಲ್ಲಿ ಆಮಂತ್ರಣ ಪತ್ರಿಕೆಯ ಫೋಟೋ ಕಳಿಸ್ತಾರೆ. ಅದನ್ನೇ ಆಟೋ ಡಿಜಿಟೈಸ್ ಮಾಡಿದರೆ (ಚಿತ್ರದಿಂದ ಸಾಫ್ಟ್‌ವೇರೇ ಹೊಲಿಗೆ ಫೈಲ್ ಮಾಡುವುದು) ಆಗ್ತದಾ?

ಬೇಡ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಅಂಚು ಮಸುಕು ಮಾಡುತ್ತದೆ. ಸಾಫ್ಟ್‌ವೇರ್ ಆ ಮಸುಕನ್ನೂ ಅಕ್ಷರ ಎಂದು ತಿಳಿದು ತೂತು ತುಂಬುತ್ತದೆ. ಥ ಒಳಗಿನ ಚುಕ್ಕೆ ಹೋದರೆ "ವಿಶ್ವನಾಥ" ಹೋಗಿ "ವಿಶ್ವನಾಧ" ಆಗುತ್ತದೆ. ಷ ಒಳಗಿನ ಅಡ್ಡಗೆರೆ ಹೋದರೆ ಪ. ಫೋಟೋವನ್ನು ಅಡಿಯಲ್ಲಿಟ್ಟು ಮೇಲಿನಿಂದ ಗೆರೆ ಎಳೆದುಕೊಳ್ಳಿ. ದೇವಸ್ಥಾನದ, ಮಠದ ಮುದ್ರೆ ಅಥವಾ ಲಾಂಛನವಾದರೆ ಅವರ ಒಪ್ಪಿಗೆ ಕೇಳಿಯೇ ಹಾಕಿ.

ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ಸೆಂಟರ್ ಮಾಡಿದರೂ ಹೊಲಿದ ಮೇಲೆ ಹೆಸರು ಮೇಲಕ್ಕೆ ಹೋದಂತೆ ಕಾಣ್ತದೆ. ಯಾಕೆ?

ಸಾಫ್ಟ್‌ವೇರ್ ಅಕ್ಷರ ಓದುವುದಿಲ್ಲ, ಚೌಕಟ್ಟು ಅಳೆಯುತ್ತದೆ. "ಶ್ರೀ ಮಾರಿಕಾಂಬಾ" ಎಂಬುದರಲ್ಲಿ ಒತ್ತು ಇರುವುದು ಶ್ರೀ ಒಂದರಲ್ಲೇ. ಆ ಒಂದು ಒತ್ತು ಇಡೀ ಸಾಲಿನ ಚೌಕಟ್ಟನ್ನು ಕೆಳಗೆ ಎಳೆಯುತ್ತದೆ. ಲೆಕ್ಕದ ಪ್ರಕಾರ ನಡುವೆ ಕೂತರೂ ಕಣ್ಣಿಗೆ "ಮಾರಿಕಾಂಬಾ" ಮೇಲೇರಿದೆ. ಒತ್ತನ್ನು ಲೆಕ್ಕಕ್ಕೆ ಹಿಡಿಯದೆ, ತಲೆಕಟ್ಟಿನಿಂದ ಅಕ್ಷರದ ಬುಡದವರೆಗಿನ ಭಾಗವನ್ನು ಮಾತ್ರ ನಡುಗೆರೆಗೆ ಹೊಂದಿಸಿ. ಅಳತೆಗೆ ಸರಿಯಾಗಿ ಪ್ರಿಂಟ್ ತೆಗೆದು, ಕತ್ತರಿಸಿ, ಬಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುವುದು ಇನ್ನೂ ಖಾತ್ರಿ. ಅಂತಃಪಟದಂಥ ದೊಡ್ಡ ಬಟ್ಟೆಗೆ ಈ ಪ್ರಿಂಟ್ ಇಲ್ಲದೆ ಕೆಲಸ ಶುರುಮಾಡಬಾರದು. ಅದನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ನಿಂತಾಗ ನಡು ಸ್ವಲ್ಪ ಜೋಲುತ್ತದೆ, ಹಾಗಾಗಿ ಸ್ವಸ್ತಿಕ, ಓಂ ನಡುವಿಗಿಂತ ಎರಡು ಬೆರಳು ಮೇಲೆ ಇರಲಿ.

ಹೊಲಿಯುವ ಮೊದಲು ಯಾವ ಯಾವ ತಪ್ಪು ಹುಡುಕಬೇಕು?

"ಮಾತೃದೇವೋ ಭವ"ದಲ್ಲಿ ವಟ್ರಸುಳಿಯ ಬದಲು ರ ಒತ್ತು, "ಕೃಷ್ಣ" ಹೋಗಿ "ಕ್ರಿಷ್ಣ", "ನಮಃ"ದಲ್ಲಿ ವಿಸರ್ಗದ ಬದಲು ಸೊನ್ನೆ, "ಸರ್ವೇ"ಯಲ್ಲಿ ಅರ್ಕಾವೊತ್ತು ಮಾಯ, "ಣಮೋ ಅರಿಹಂತಾಣಂ" ಹಾಕುವಾಗ ಣ ಜಾಗದಲ್ಲಿ ನ. ಶ, ಷ, ಸ ಅದಲುಬದಲು ಇದ್ದೇ ಇದೆ. ಪ್ರಿಂಟ್ ಗಿರಾಕಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ಸರಿ ಎಂದ ಮೇಲೆ ಸಹಿ ಹಾಕಿಸಿಕೊಳ್ಳಿ. ಮನೆಯವರು ಬರೆದುಕೊಟ್ಟದ್ದೇ ತಪ್ಪಿದ್ದರೆ ಮೆಲ್ಲಗೆ ಕೇಳಿ. ಕೆಲವರ ಮನೆಹೆಸರು, ಕುಲದೇವರ ಹೆಸರು ಬರೆಯುವ ಕ್ರಮವೇ ಬೇರೆ ಇರುತ್ತದೆ, ನಿಮ್ಮಷ್ಟಕ್ಕೆ ತಿದ್ದಬೇಡಿ.

ಬಟ್ಟೆ ಸುಕ್ಕಾಗ್ತದೆ. ಬಕ್ರಮ್ ಹಾಕಿದರೂ ತೊಳೆದ ಮೇಲೆ ಮತ್ತೆ ಸುಕ್ಕು.

ಬಕ್ರಮ್ ಗಟ್ಟಿಯಿರುವುದು ಗಂಜಿಯಿಂದ. ತೊಳೆದರೆ ಗಂಜಿ ಹೋಯಿತು, ಆಧಾರವೂ ಹೋಯಿತು. ತೊಳೆಯುವ ವಸ್ತುವಿಗೆ ಕಟ್‌ಅವೇ ಸ್ಟೆಬಿಲೈಸರ್ (ಬಟ್ಟೆಯ ಅಡಿಗಿಟ್ಟು, ಹೆಚ್ಚಾದದ್ದನ್ನು ಕತ್ತರಿಸುವ ಆಧಾರದ ಹಾಳೆ) ಬಳಸಿ, 60ರಿಂದ 80 ಜಿಎಸ್‌ಎಂ, ಒಂದು ಪದರ. ಹೊಲಿದ ಮೇಲೆ ಹಿಂಬದಿಯಲ್ಲಿ ಅಕ್ಷರದ ಸುತ್ತ ಅರ್ಧ ಸೆ.ಮೀ. ಬಿಟ್ಟು ಕತ್ತರಿಸಿ. ಹರಿದು ತೆಗೆಯುವ ಟೇರ್‌ಅವೇ ಗಟ್ಟಿ ಹತ್ತಿಯ ಚೀಲಕ್ಕೆ, ಪುಸ್ತಕದ ಕವರ್‌ಗೆ ಸರಿ.

ಕೋರಾ ಬಟ್ಟೆಯಾದರೆ ಸುಕ್ಕಿನ ಮೂಲ ಬೇರೆ: ಬಟ್ಟೆ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಮೊದಲೇ ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಹೂಪ್ ಹಾಕಿದ ಮೇಲೆ ಬಟ್ಟೆಯನ್ನು ಬದಿಯಿಂದ ಎಳೆದು ಬಿಗಿ ಮಾಡುವ ಅಭ್ಯಾಸ ಬಿಡಿ. ಹೂಪ್ ತೆಗೆದಾಗ ಎಳೆದ ಬಟ್ಟೆ ವಾಪಸ್ ಹೋಗುತ್ತದೆ, ಹೊಲಿಗೆ ಹೋಗುವುದಿಲ್ಲ.

ಟೆನ್ಶನ್ ಸರಿಯಿದೆಯೇ ಎಂದು ತಿಳಿಯಲು ಅಕ್ಷರದ ಹಿಂಬದಿ ನೋಡಿ. ಸ್ಯಾಟಿನ್‌ನ ನಡುವಿನ ಮೂರನೇ ಒಂದು ಭಾಗ ಬಾಬಿನ್‌ನ ಬಿಳಿ ದಾರ, ಎರಡೂ ಬದಿ ಮೇಲಿನ ಬಣ್ಣ ಕಾಣಬೇಕು. ಬಿಳಿ ಮೇಲ್ಭಾಗಕ್ಕೇ ಬಂದರೆ ಮೇಲಿನ ದಾರ ಬಿಗಿಯಾಗಿದೆ.

ಮಖಮಲ್, ದಪ್ಪ ಟವೆಲ್ ಮೇಲೆ ಅಕ್ಷರ ಹುದುಗಿ ಹೋಗ್ತದೆ.

ಮೇಲೆ ನೀರಿನಲ್ಲಿ ಕರಗುವ ತೆಳು ಹಾಳೆ ಇಟ್ಟು ಹೊಲಿಯಿರಿ. ಗೆರೆ 2.5 ಮಿ.ಮೀ.ಗಿಂತ ಕಡಿಮೆ ಬೇಡ, ಪುಲ್ ಕಾಂಪನ್ಸೇಶನ್ 0.4. ಮಖಮಲನ್ನು ಹೂಪ್‌ನೊಳಗೆ ಕಚ್ಚಿಸಿದರೆ ಉಂಗುರದ ಗುರುತು ಹೋಗುವುದೇ ಇಲ್ಲ. ಸ್ಟೆಬಿಲೈಸರ್ ಮಾತ್ರ ಹೂಪ್‌ಗೆ ಹಾಕಿ, ಬಟ್ಟೆಯನ್ನು ಅದರ ಮೇಲಿಟ್ಟು ಸುತ್ತ ಉದ್ದ ಟಾಕಿ ಹಾಕಿಕೊಳ್ಳಿ. ಮಖಮಲ್ಲಿಗೆ ನೀರು ತಾಗಿಸಬಾರದು ಎನಿಸಿದರೆ ಆ ಹಾಳೆಯನ್ನು ಕೈಯಲ್ಲೇ ಹರಿದು, ಉಳಿದ ಚೂರನ್ನು ಒದ್ದೆ ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆಯಬಹುದು.

ಅಡಿಕೆ ಹಾಳೆ ಮೇಲೆ, ಲಾವಂಚದ ಚಾಪೆ ಮೇಲೆ ಹೊಲಿಯಬಹುದಾ?

ಹಾಳೆಯ ಮೇಲೆ ಸ್ಯಾಟಿನ್ ಹಾಕಿದರೆ ಸಾಲುಸಾಲು ತೂತು ಬಿದ್ದು ಅಂಚೆಚೀಟಿಯ ಹಾಗೆ ಅಲ್ಲಿಗೇ ಹರಿಯುತ್ತದೆ. ಲಾವಂಚದ ಬೇರು ಸೂಜಿಯನ್ನು ಬಗ್ಗಿಸುತ್ತದೆ. ಗಟ್ಟಿ ಹತ್ತಿ ಬಟ್ಟೆಯ ಮೇಲೆ ಅಕ್ಷರ ಹೊಲಿದು, ಸುತ್ತ 4 ಮಿ.ಮೀ. ಸ್ಯಾಟಿನ್ ಅಂಚು ಕಟ್ಟಿ ಪ್ಯಾಚ್ ಮಾಡಿ, ಕೈಹೊಲಿಗೆಯಲ್ಲಿ ಕೂರಿಸಿ.

ಜರಿ ದಾರ ನಿಮಿಷಕ್ಕೊಮ್ಮೆ ತುಂಡಾಗ್ತದೆ. ವರ್ಷದೊಳಗೆ ಕಪ್ಪೂ ಆಗ್ತದೆ.

ತುಂಡಾಗುವುದಕ್ಕೆ ಕಾರಣ ದಾರದ ಸುರುಳಿ ಮತ್ತು ಸಣ್ಣ ಕಣ್ಣಿನ ಸೂಜಿ. 90/14 ಮೆಟಾಲಿಕ್ ಸೂಜಿ ಹಾಕಿ, ವೇಗ ನಿಮಿಷಕ್ಕೆ 400 ಹೊಲಿಗೆಗೆ ಇಳಿಸಿ, ಮೇಲಿನ ಟೆನ್ಶನ್ ಸಡಿಲಿಸಿ, ಉಂಡೆಯನ್ನು ಮಷಿನ್‌ನಿಂದ ಎರಡು ಮೊಳ ದೂರ ಇಡಿ. ಬರುವ ದಾರಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಹೊಲಿಗೆಗಳ ಅಂತರ 0.45ರಿಂದ 0.5. ಒತ್ತುಗಳಿಗೆ ಜರಿ ಬೇಡವೇ ಬೇಡ, ಹೊಂಬಣ್ಣದ ಪಾಲಿಯೆಸ್ಟರ್ ಹಾಕಿ.

ಕಪ್ಪಾಗುವುದು ತಾಮ್ರ, ಬೆಳ್ಳಿ ಇರುವ ಜರಿ. ಕರಾವಳಿಯ ಉಪ್ಪುಗಾಳಿಗೆ ಅದು ಬೇಗ ಮಂಕಾಗುತ್ತದೆ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಲೋಹದ ಲೇಪ ಇರುವ ಜರಿ ಹೆಚ್ಚು ಬಾಳುತ್ತದೆ. ಅದರ ಮೇಲೆ ಬಿಸಿ ಇಸ್ತ್ರಿ ನೇರ ಇಡಬೇಡಿ.

ಅರೇಬಿಕ್, ದೇವನಾಗರಿ ಬರಹಕ್ಕೆ ಬೇರೆ ಕ್ರಮ ಇದೆಯಾ?

ಇದೆ. ಅರೇಬಿಕ್ ಬಲದಿಂದ ಎಡಕ್ಕೆ, ಅಕ್ಷರಗಳು ಕೈಹಿಡಿದು ಸಾಗುತ್ತವೆ. ಹೊಂದದ ಸಾಫ್ಟ್‌ವೇರ್ ಅವನ್ನು ಬಿಡಿಸಿ, ತಿರುಗಿಸಿ ಇಡುತ್ತದೆ. ಆ ಲಿಪಿ ಬಾರದವರಿಗೆ ತಪ್ಪೇ ಕಾಣುವುದಿಲ್ಲ. ಚುಕ್ಕೆ ಒಂದು ಹೋದರೆ ಅಕ್ಷರವೇ ಬೇರೆ. ಹಾಗಾಗಿ "ಬಿಸ್ಮಿಲ್ಲಾ" ಹಾಕುವುದಾದರೆ ಮನೆಯವರೇ ಕೊಟ್ಟ ಬರಹವನ್ನು ಗೆರೆ ಎಳೆದುಕೊಂಡು, ಪ್ರಿಂಟನ್ನು ಓದಬಲ್ಲ ಉಸ್ತಾದರಿಗೆ ತೋರಿಸಿ. ಅಕ್ಷರ ಸೇರುವಲ್ಲಿ ಒಂದರ ಮೇಲೊಂದು 0.5ರಿಂದ 1 ಮಿ.ಮೀ. ಹತ್ತಿಸಿ, ಇಲ್ಲದಿದ್ದರೆ ಬಟ್ಟೆ ಎಳೆದು ನಡುವೆ ಸೀಳು ಕಾಣುತ್ತದೆ. ಚುಕ್ಕೆಗಳು 1.5 ಮಿ.ಮೀ.ಗಿಂತ ಚಿಕ್ಕದಾಗದಿರಲಿ. ಉರ್ದುವಿನ ನಸ್ತಾಲೀಕ್ ಶೈಲಿ ಓರೆಯಾಗಿ ಇಳಿಯುತ್ತದೆ. ನೇರ ಗೆರೆಗೆ ಕೂರಿಸಲು ಹೋಗಬೇಡಿ.

ಕಾರವಾರದ ಕಡೆ ಕೊಂಕಣಿ, ಮರಾಠಿಗೆ ದೇವನಾಗರಿ ಕೇಳುತ್ತಾರೆ. ಅಲ್ಲಿ ಅಕ್ಷರಗಳನ್ನೆಲ್ಲ ಮುಗಿಸಿ, ಕೊನೆಗೆ ಪದಕ್ಕೊಂದೇ ಶಿರೋರೇಖೆಯನ್ನು ಉದ್ದಕ್ಕೆ ಹೊಲಿಯಿರಿ. ಅಕ್ಷರಕ್ಕೊಂದು ತುಂಡು ಗೆರೆ ಹಾಕಿದರೆ ಏಣು ಏಣಾಗುತ್ತದೆ. ಕ್ರೈಸ್ತರ ಕೊಂಕಣಿ ಕನ್ನಡ ಲಿಪಿಯಲ್ಲೂ ರೋಮನ್‌ನಲ್ಲೂ ಇರುತ್ತದೆ, ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ.

ಯಾವ ವಸ್ತುವಿನ ಮೇಲೆ ದೇವರ ನಾಮ ಹಾಕಬಾರದು?

ಕಾಲೊರೆಸು, ಹಾಸು, ದಿಂಬಿನ ಕವರ್, ಮಕ್ಕಳ ಬಿಬ್, ಕೈ ಒರೆಸುವ ಟವೆಲ್ ಕೇಳಿದರೆ ಬೇರೆ ವಸ್ತು ಸೂಚಿಸಿ. ನಮಾಜಿನ ಹಾಸು ಜಾನಮಾಜ್ ಮೇಲೆ ಪವಿತ್ರ ವಚನ ಬೇಡ, ಬಳಸುವವರ ಹೆಸರನ್ನು ಅಂಚಿನಲ್ಲಿ ಹಾಕಬಹುದು. ಚೀಲವಾದರೆ ಕೆಳಗಿಟ್ಟಾಗ ಅಕ್ಷರ ನೆಲಕ್ಕೆ ತಾಗದಷ್ಟು ಎತ್ತರದಲ್ಲಿರಲಿ. ಗೋಮುಖಿಯಲ್ಲಿ ಬೆರಳು ಹೊರಬರುವ ಕಿಂಡಿಯ ಹತ್ತಿರ ಹೊಲಿಗೆ ಬೇಡ, ಹಿಂಬದಿಯ ಗಂಟಿಗೆ ಜಪಮಣಿ ಸಿಕ್ಕಿಕೊಳ್ಳುತ್ತದೆ. ಒಳಗೆ ಅಸ್ತರಿ ಕೊಡಿ.

ಸ್ಯಾಂಪಲ್ ಹೊಲಿದು ಬಿಸಾಡುವುದು ಸರಿ ಕಾಣುವುದಿಲ್ಲ.

ಸ್ಯಾಂಪಲ್‌ಗೆ ದೇವರ ಹೆಸರೇ ಆಗಬೇಕೆಂದಿಲ್ಲ. ಅಷ್ಟೇ ತೊಡಕಿನ ಬೇರೆ ಪದ ತೆಗೆದುಕೊಳ್ಳಿ: "ಸಿದ್ಧಿ"ಗೆ ಬದಲು "ಬುದ್ಧಿ", "ಕೃಷ್ಣ"ನಿಗೆ ಬದಲು "ಉಷ್ಣ". ಬಟ್ಟೆ, ದಾರ, ಸ್ಟೆಬಿಲೈಸರ್ ಮಾತ್ರ ನಿಜವಾದದ್ದೇ ಇರಲಿ.

ಮಳೆಗಾಲದಲ್ಲಿ ಎಂತ ಜಾಗ್ರತೆ ಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೂ ಕೆಳಗೂ ಒಂದೇ ಪಾಡು. ಸೂಜಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿದು ಬಿಳಿ ಶಲ್ಯದ ಮೇಲೆ ಕಂದು ಚುಕ್ಕೆ ಬಿಡುತ್ತದೆ. ಬೆಳಿಗ್ಗೆ ಮೊದಲು ಚಿಂದಿಯ ಮೇಲೆ ನೂರು ಹೊಲಿಗೆ ಓಡಿಸಿ ನೋಡಿ. ದಾರ, ಸ್ಟೆಬಿಲೈಸರ್ ಗಾಳಿಯಾಡದ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀರಿನಲ್ಲಿ ಕರಗುವ ಹಾಳೆ ಹೊರಗಿದ್ದರೆ ಅಂಟಂಟಾಗಿ ಹಾಳಾಗುತ್ತದೆ. ರೇಯಾನ್ ದಾರ ತೇವದಲ್ಲಿ ಬಲ ಕಳೆದುಕೊಳ್ಳುವುದರಿಂದ ಈ ತಿಂಗಳುಗಳಿಗೆ ಪಾಲಿಯೆಸ್ಟರೇ ವಾಸಿ. ಮಷಿನ್‌ಗೆ ಕೊಬ್ಬರಿ ಎಣ್ಣೆ ಹಾಕಬೇಡಿ, ಹೆಪ್ಪುಗಟ್ಟುತ್ತದೆ. ಮ್ಯಾನುವಲ್ ಹೇಳಿದ ಕಡೆ ಮಾತ್ರ ಒಂದು ತೊಟ್ಟು ಮಷಿನ್ ಎಣ್ಣೆ.

ಕರೆಂಟ್ ಹೋದರೆ ಹೂಪ್ ಮುಟ್ಟಬೇಡಿ. ಪರದೆಯಲ್ಲಿ ಕಾಣುವ ಹೊಲಿಗೆ ಸಂಖ್ಯೆಯನ್ನು ಆಗಾಗ ಬರೆದಿಟ್ಟುಕೊಂಡಿದ್ದರೆ, ಕರೆಂಟ್ ಬಂದ ಮೇಲೆ ಅದಕ್ಕಿಂತ 5-10 ಹೊಲಿಗೆ ಹಿಂದಕ್ಕೆ ಹೋಗಿ ಮುಂದುವರಿಸಬಹುದು. ಇನ್ವರ್ಟರ್ ಬಳಸುವುದಾದರೆ ಸೈನ್ ವೇವ್ ಇರುವಂಥದೇ ಬೇಕು. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಕೆಂಪು ದಾರ ಬಣ್ಣ ಬಿಡ್ತದಾ ಅಂತ ಮೊದಲೇ ಗೊತ್ತಾಗ್ತದಾ?

ಗೊತ್ತಾಗುತ್ತದೆ. ಒಂದು ಗೇಣು ದಾರವನ್ನು ಒದ್ದೆ ಬಿಳಿ ಬಟ್ಟೆಯೊಳಗೆ ಮಡಚಿ ಇಸ್ತ್ರಿ ಒತ್ತಿ. ಗುಲಾಬಿ ಗೆರೆ ಬಿದ್ದರೆ ಬೇರೆ ದಾರ ತನ್ನಿ.

ರೇಟ್ ಹೇಗೆ ಹಾಕಬೇಕು?

ಹೊಲಿಗೆ ಎಣಿಕೆ ಮತ್ತು ಡಿಜಿಟೈಸಿಂಗ್ ಎರಡನ್ನೂ ಬೇರೆಬೇರೆ ಹಿಡಿಯಿರಿ. 20 ಮಿ.ಮೀ.ನ "ಓಂ ನಮಃ ಶಿವಾಯ" ಅಂಡರ್‌ಲೇ ಸೇರಿ ಹೆಚ್ಚುಕಡಿಮೆ 4,500 ಹೊಲಿಗೆ, ನಿಮಿಷಕ್ಕೆ 450ರಂತೆ 10 ನಿಮಿಷ. ಆದರೆ ಗೆರೆ ಎಳೆದು ಫೈಲ್ ಮಾಡಲು ಗಂಟೆಗಳೇ ಹೋಗುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಎಪ್ರಿಲ್-ಮೇ ತಿಂಗಳ ಮದುವೆ ಮುಂಜಿ ಸೀಸನ್‌ನಲ್ಲಿ ಪುಕ್ಕಟೆ ದುಡಿಯುವವರು ಬಹಳ. ಒಮ್ಮೆ ಮಾಡಿದ ಫೈಲನ್ನು ಶೇಕಡಾ 10ಕ್ಕಿಂತ ಹೆಚ್ಚು ಹಿಗ್ಗಿಸಿ ಕುಗ್ಗಿಸಿ ಬಳಸಬೇಡಿ. ಮೂಲ ಇಂಕ್‌ಸ್ಕೇಪ್ ಫೈಲ್‌ಗೇ ಹೋಗಿ. ಹೊಲಿಗೆ ಫೈಲನ್ನು ಬ್ರದರ್ ಮಷಿನ್‌ಗೆ ಪಿಇಎಸ್, ಜಾನೋಮ್ ಮಷಿನ್‌ಗೆ ಜೆಇಎಫ್ ಆಗಿ ಉಳಿಸಿ. ಡಿಎಸ್‌ಟಿ ಎಂಬ ಬಗೆಯ ಫೈಲ್‌ನಲ್ಲಿ ದಾರದ ಬಣ್ಣ ಉಳಿಯುವುದಿಲ್ಲ, ಬಣ್ಣದ ಪಟ್ಟಿ ಬೇರೆ ಬರೆದಿಡಿ.

ತಪ್ಪಾದ ಅಕ್ಷರ ಬಿಚ್ಚುವುದು ಹೇಗೆ?

ಹಿಂಬದಿಯಿಂದ. ಬಾಬಿನ್ ದಾರವನ್ನು ಸೀಮ್ ರಿಪ್ಪರ್‌ನಿಂದ ಐದಾರು ಹೊಲಿಗೆಗೊಮ್ಮೆ ಕತ್ತರಿಸಿ, ಮುಂಬದಿಯಿಂದ ಮೇಲಿನ ದಾರ ಎಳೆಯಿರಿ. ಹತ್ತಿಯಲ್ಲಿ ತೂತುಗಳು ಉಗುರಿನಿಂದ ಉಜ್ಜಿ ಹಬೆ ಕೊಟ್ಟರೆ ಮುಚ್ಚುತ್ತವೆ. ರೇಷ್ಮೆ, ಮಖಮಲ್‌ನಲ್ಲಿ ಗುರುತು ಉಳಿಯುತ್ತದೆ, ಅಲ್ಲಿ ಮೇಲಿಂದ ಪ್ಯಾಚ್ ಹಾಕುವುದೇ ದಾರಿ.

ಪಾರ್ಸೆಲ್ ಕಳಿಸುವಾಗ?

ಅಕ್ಷರದ ಮೇಲೆ ಮಡಿಕೆ ಬೀಳದಂತೆ ಕಾಗದದ ಕೊಳವೆಗೆ, ಅಕ್ಷರ ಹೊರಮೈಗೆ ಬರುವ ಹಾಗೆ ಸುತ್ತಿ. ಮೊದಲು ಬಿಳಿ ಕಾಗದ, ಆಮೇಲೆ ಪ್ಲಾಸ್ಟಿಕ್. ಅಚ್ಚಾದ ಪೇಪರ್ ನೇರ ಸುತ್ತಿದರೆ ಶಾಯಿ ಬಟ್ಟೆಗೆ ಹತ್ತುತ್ತದೆ. ಬಟ್ಟೆಯಲ್ಲಿ ಸ್ವಲ್ಪ ತೇವ ಇದ್ದರೂ ಪ್ಲಾಸ್ಟಿಕ್‌ನೊಳಗೆ ಬೂಸು ಹಿಡಿಯುತ್ತದೆ, ಆದ್ದರಿಂದ ಹಿಂಬದಿಯಿಂದ, ಟವೆಲ್ ಮೇಲೆ ಕವುಚಿ ಹಾಕಿ, ಇಸ್ತ್ರಿ ಮಾಡಿ ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಕಟ್ಟಿ.